ಎದೆ ಧಸಕ್ಕೆನ್ನುತ್ತದೆ, ಇಸಿಜಿ ನಾರ್ಮಲ್ ಎನ್ನುತ್ತದೆ

2025ರ ಜುಲೈ ಮೊದಲ ವಾರದಲ್ಲಿ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಜನ ಸಾಲುಗಟ್ಟತೊಡಗಿದರು. ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಿತ್ತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸದ ಕಾರಣಗಳಿಂದ ಆದವೆಂದೂ, ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿದೆ ಎನ್ನಲು ಆಧಾರವಿಲ್ಲವೆಂದೂ ಮುಂದೆ ವರದಿ ಕೊಟ್ಟಿತು. ಆದರೆ ಒಮ್ಮೆ ಎದೆಯ ಮೇಲೆ ಹೋದ ಕೈ ವರದಿ ಓದಿದ ಮಾತ್ರಕ್ಕೆ ಕೆಳಗಿಳಿಯುವುದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೂ ಹೃದ್ರೋಗ ಆಸ್ಪತ್ರೆಗಳು ಇಂಥದೇ ಜನಸಂದಣಿಯನ್ನು ಕಂಡಿದ್ದವು.

ಹೀಗೆ ಹೋದವರಲ್ಲಿ ಒಂದು ಗುಂಪಿನವರ ಪಾಡು ಬೇರೆ. ಅವರು ಬರೀ ಭಯದಿಂದ ಹೋದವರಲ್ಲ. ಅವರಿಗೆ ಎದೆಯೊಳಗೆ ನಿಜವಾಗಿಯೂ ಏನೋ ಆಗುತ್ತಿರುತ್ತದೆ. ರಾತ್ರಿ ಮಲಗಿದಾಗ ಎದೆ ಒಮ್ಮೆ ಧಸಕ್ಕೆನ್ನುತ್ತದೆ, ಬಸ್ಸಿನಲ್ಲಿ ಕೂತಿದ್ದಾಗ ಕಾರಣವಿಲ್ಲದೆ ಢವಢವ ಹೊಡೆದುಕೊಳ್ಳುತ್ತದೆ. ಪರೀಕ್ಷೆ ಮಾಡಿಸಿದರೆ ‘ಎಲ್ಲಾ ನಾರ್ಮಲ್’ ಎಂಬ ಉತ್ತರ ಬರುತ್ತದೆ. ಮನೆಯವರು ‘ಗ್ಯಾಸ್ ಇರಬೇಕು, ಜೀರಿಗೆ ನೀರು ಕುಡಿ’ ಎನ್ನುತ್ತಾರೆ. ಮತ್ತೆ ಅದೇ ರಾತ್ರಿ ಎದೆ ಧಸಕ್ಕೆನ್ನುತ್ತದೆ. ವರದಿ ಸುಳ್ಳೋ, ಅನುಭವ ಸುಳ್ಳೋ ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿದೆ. ಅದು ಹೇಗೆಂದು ತಿಳಿಯಲು ಹೃದಯದ ಕೆಲಸವನ್ನು ಮೊದಲಿನಿಂದ ನೋಡಬೇಕು.

ಕರೆಂಟಿನ ಕೆಲಸ ಬೇರೆ, ಕೊಳಾಯಿಯ ಕೆಲಸ ಬೇರೆ

ಹೃದಯ ಮುಷ್ಟಿಗಾತ್ರದ ಸ್ನಾಯುವಿನ ಪಂಪು. ನಿಮಿಷಕ್ಕೆ 72 ಬಾರಿ ಬಡಿದರೆ ದಿನಕ್ಕೆ 1,03,680 ಬಡಿತಗಳಾಗುತ್ತವೆ. ಇದರಲ್ಲಿ ಎರಡು ಪ್ರತ್ಯೇಕ ವ್ಯವಸ್ಥೆಗಳಿವೆ. ಮೊದಲನೆಯದು ವಿದ್ಯುತ್ತಿನದು. ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಸೈನಸ್ ನೋಡ್ ಎಂಬ ಜೀವಕೋಶಗಳ ಗುಂಪು ತಾನಾಗಿಯೇ ಸಣ್ಣ ವಿದ್ಯುತ್ ಸಂಕೇತವನ್ನು ಹುಟ್ಟಿಸುತ್ತದೆ. ಅದು ಮೇಲಿನ ಎರಡು ಕೋಣೆಗಳನ್ನು ಹಾದು, ನಡುವಿನ ಎವಿ ನೋಡ್‌ನಲ್ಲಿ ಕ್ಷಣಕಾಲ ತಡೆದು, ಕೆಳಗಿನ ಎರಡು ಕೋಣೆಗಳಿಗೆ ಹರಡುತ್ತದೆ. ಮೇಲಿನ ಕೋಣೆಗಳು ರಕ್ತವನ್ನು ಕೆಳಗೆ ತುಂಬಿಸಲು ಸಮಯ ಸಿಗಲೆಂದೇ ಆ ತಡೆ. ಎರಡನೆಯದು ಕೊಳಾಯಿಯ ವ್ಯವಸ್ಥೆ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕರೋನರಿ ನಾಳಗಳು ಇದರಲ್ಲಿ ಬರುತ್ತವೆ.

ಹೃದಯಾಘಾತ ಕೊಳಾಯಿಯ ತೊಂದರೆ: ಕರೋನರಿ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರಾಚೆಗಿನ ಸ್ನಾಯು ಸಾಯತೊಡಗುತ್ತದೆ. ಬಡಿತದ ಏರುಪೇರು ಕರೆಂಟಿನ ತೊಂದರೆ. ಹೃದಯ ಸ್ತಂಭನ ಎಂದರೆ ಪಂಪು ರಕ್ತ ತಳ್ಳುವುದನ್ನೇ ನಿಲ್ಲಿಸಿ ಮನುಷ್ಯ ಎಚ್ಚರ ತಪ್ಪಿ ಬೀಳುವುದು. ಕೊಳಾಯಿಯ ತೊಂದರೆ ಕೆಲವೊಮ್ಮೆ ಕರೆಂಟನ್ನೂ ಕೆಡಿಸಿ ಅಲ್ಲಿಗೆ ಮುಟ್ಟಿಸುತ್ತದೆ. ಮಾತಿನಲ್ಲಿ ನಾವು ಮೂರನ್ನೂ ‘ಹಾರ್ಟ್ ಅಟ್ಯಾಕ್’ ಎಂದೇ ಕರೆಯುತ್ತೇವೆ, ಭಯ ದೊಡ್ಡದಾಗಲು ಇದೂ ಒಂದು ಕಾರಣ. ಎದೆ ಬಡಿದುಕೊಳ್ಳುತ್ತದೆ ಎಂದು ಹೋದವರು ‘ಆಂಜಿಯೋಗ್ರಾಂ ಮಾಡಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವುದು, ಮಿಣಮಿಣ ಎನ್ನುವ ದೀಪವನ್ನು ರಿಪೇರಿ ಮಾಡಲು ಕೊಳಾಯಿಯವನನ್ನು ಕರೆದಂತೆ. ಆಂಜಿಯೋಗ್ರಾಂ ನಾಳಗಳನ್ನು ತೋರಿಸುತ್ತದೆಯೇ ಹೊರತು ತಾಳವನ್ನಲ್ಲ.

‘ಧಸಕ್’ ಎಲ್ಲಿಂದ ಬರುತ್ತದೆ

ಸಾಮಾನ್ಯವಾಗಿ ನಮ್ಮ ಹೃದಯ ಬಡಿಯುತ್ತಿರುವುದು ನಮಗೆ ಗೊತ್ತೇ ಆಗುವುದಿಲ್ಲ. ಅದು ಗೊತ್ತಾಗತೊಡಗುವುದಕ್ಕೆ ವೈದ್ಯರು ಪಾಲ್ಪಿಟೇಶನ್ ಎನ್ನುತ್ತಾರೆ. ಇದು ರೋಗದ ಹೆಸರಲ್ಲ, ಅನುಭವದ ಹೆಸರು. ಇಂಗ್ಲಿಷಿನ ಈ ಒಂದು ಪದಕ್ಕೆ ಕನ್ನಡದಲ್ಲಿ ಧಸಕ್, ಢವಢವ, ಝಲ್, ಪಟಪಟ ಎಂದು ಹಲವು ಮಾತುಗಳಿವೆ. ಅವು ಬೇರೆ ಬೇರೆ ಲಯಗಳನ್ನು ಸಾಕಷ್ಟು ನಿಖರವಾಗಿಯೇ ಹಿಡಿಯುತ್ತವೆ.

ಎಲ್ಲಕ್ಕಿಂತ ಸಾಮಾನ್ಯವಾದ ‘ಧಸಕ್’ ಹೆಚ್ಚಾಗಿ ಎಕ್ಟೋಪಿಕ್ ಬಡಿತ, ಅಂದರೆ ಸೈನಸ್ ನೋಡ್ ಅಲ್ಲದೆ ಹೃದಯದ ಬೇರಾವುದೋ ಮೂಲೆಯಿಂದ ಹೊತ್ತಿಗೆ ಮುಂಚೆ ಹೊರಡುವ ಬಡಿತ. ಮಂಡ್ಯದ ಕಡೆಯ ಓದುಗರಿಗೆ ಇದನ್ನು ನಾಲೆಯ ತೂಬಿನಿಂದ ವಿವರಿಸಬಹುದು. ನಾಲೆಯಲ್ಲಿ ನೀರು ತುಂಬಿಕೊಳ್ಳುವ ಮೊದಲೇ ತೂಬು ಎತ್ತಿದರೆ ಗದ್ದೆಗೆ ಸಿಗುವುದು ತೊಟ್ಟು ನೀರು. ಹಾಗೆಯೇ ಕೆಳಕೋಣೆ ತುಂಬುವ ಮೊದಲೇ ಹೃದಯ ಕುಗ್ಗಿದರೆ ಹೊರಬೀಳುವ ರಕ್ತ ಅತ್ಯಲ್ಪ; ಮಣಿಕಟ್ಟಿನ ನಾಡಿಯಲ್ಲಿ ಆ ಬಡಿತ ಕೈಗೆ ಸಿಗದೆಯೂ ಹೋಗಬಹುದು. ಇದರ ಬೆನ್ನಿಗೆ ಒಂದು ಸಣ್ಣ ವಿರಾಮ ಬರುತ್ತದೆ. ಆ ವಿರಾಮದಲ್ಲಿ ಕೋಣೆ ಎಂದಿಗಿಂತ ಹೆಚ್ಚು ತುಂಬಿಕೊಳ್ಳುತ್ತದೆ, ಮತ್ತು ಹೃದಯದ ಸ್ನಾಯು ಎಷ್ಟು ಹಿಗ್ಗಿದರೆ ಅಷ್ಟು ಬಲವಾಗಿ ಕುಗ್ಗುವಂಥದ್ದಾದ್ದರಿಂದ ಮುಂದಿನ ಬಡಿತ ಗುದ್ದಿದಂತೆ ಬರುತ್ತದೆ. ‘ಒಂದು ಬಡಿತ ತಪ್ಪಿತು, ಆಮೇಲೆ ಧಸಕ್ಕೆಂದಿತು’ ಎಂದು ಜನ ಹೇಳುವುದು ಇದನ್ನೇ. ಬಡಿತ ತಪ್ಪಿರುವುದಿಲ್ಲ, ಮುಂಚೆ ಬಂದಿರುತ್ತದೆ; ನಮ್ಮ ಅನುಭವಕ್ಕೆ ಸಿಗುವ ಗುದ್ದು ಮಾತ್ರ ಅದರ ನಂತರದ ಸಹಜ ಬಡಿತದ್ದು.

24 ಗಂಟೆ ಬಡಿತ ದಾಖಲಿಸಿದರೆ ಆರೋಗ್ಯವಂತರಲ್ಲೂ ಇಂಥ ಕೆಲವು ಬಡಿತಗಳು ಕಾಣಿಸುವುದು ಮಾಮೂಲು. ಹೃದಯದ ರಚನೆ ಸರಿಯಿದ್ದು, ಇವು ವಿರಳವಾಗಿದ್ದರೆ ಚಿಕಿತ್ಸೆಯ ಅಗತ್ಯ ಬೀಳುವುದಿಲ್ಲ. ಕೆಳಕೋಣೆಯಿಂದ ಹುಟ್ಟುವ ಇಂಥ ಬಡಿತಗಳು ದಿನದ ಒಟ್ಟು ಬಡಿತಗಳಲ್ಲಿ ಶೇಕಡಾ 10ನ್ನು ಮೀರಿದರೆ ಮಾತ್ರ ಕೆಲವರಲ್ಲಿ ಕಾಲಕ್ರಮೇಣ ಸ್ನಾಯು ದುರ್ಬಲವಾಗುವ ಸಾಧ್ಯತೆಯಿರುವುದರಿಂದ, ವೈದ್ಯರು ಆಗಾಗ ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಮಾಡಿ ಕಣ್ಣಿಟ್ಟಿರುತ್ತಾರೆ.

ರಾತ್ರಿಯೇ ಏಕೆ ಎಂಬ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಕೇಳುತ್ತಾರೆ. ವಿಶ್ರಾಂತಿಯಲ್ಲಿ ಬಡಿತ ನಿಧಾನವಾಗುವುದರಿಂದ ಎರಡು ಬಡಿತಗಳ ನಡುವಿನ ಜಾಗ ಹಿಗ್ಗಿ, ಮುಂಚಿತ ಬಡಿತಕ್ಕೆ ಅವಕಾಶ ಹೆಚ್ಚುತ್ತದೆ. ಎಡಮಗ್ಗುಲಿಗೆ ಮಲಗಿದಾಗ ಹೃದಯದ ತುದಿ ಎದೆಗೂಡಿನ ಗೋಡೆಗೆ ಇನ್ನಷ್ಟು ಹತ್ತಿರವಾಗುತ್ತದೆ. ಜೊತೆಗೆ ಸಂತೆಯಲ್ಲಿ ಕೇಳದ ಗಡಿಯಾರದ ಟಿಕ್‌ಟಿಕ್ ನಡುರಾತ್ರಿ ಕೇಳಿಸುತ್ತದಲ್ಲವೇ?

ಢವಢವ, ಪಟಪಟ

ಮೆಟ್ಟಿಲು ಹತ್ತಿದಾಗ, ಜ್ವರ ಬಂದಾಗ, ಹೆದರಿದಾಗ ಬಡಿತ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದು ಸಹಜ. ಸ್ವಿಚ್ಚು ಹಾಕಿದಂತೆ ಥಟ್ಟನೆ ಶುರುವಾಗಿ, ನಿಮಿಷಕ್ಕೆ 150ರಿಂದ 220ರ ವೇಗದಲ್ಲಿ ಒಂದೇ ಸಮನೆ ಹೊಡೆದು, ಥಟ್ಟನೆ ನಿಲ್ಲುವ ಢವಢವ ಬೇರೆ ಜಾತಿಯದು. ಎಸ್‌ವಿಟಿ ಎಂದು ಕರೆಯುವ ಈ ತೊಂದರೆಯಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಹುಟ್ಟಿನಿಂದಲೇ ಇರುವ ಒಂದು ಹೆಚ್ಚುವರಿ ವಿದ್ಯುತ್ ದಾರಿಯಿಂದಾಗಿ ಸಂಕೇತ ವೃತ್ತದಲ್ಲಿ ಸುತ್ತತೊಡಗುತ್ತದೆ. ಕೆಲವರಿಗೆ ಕುತ್ತಿಗೆಯಲ್ಲಿ ಕಪ್ಪೆ ಕುಪ್ಪಳಿಸಿದಂತೆ ತೋರುತ್ತದೆ, ಕೆಲವರಿಗೆ ಇಂಥ ಬಡಿತದ ಜೊತೆಗೆ ಹೆಚ್ಚು ಮೂತ್ರ ಹೋಗುತ್ತದೆ. ಇವು ಕ್ಷುಲ್ಲಕವೆಂದು ಬಿಡುವ ವಿವರಗಳಲ್ಲ, ವೈದ್ಯರಿಗೆ ಒಳ್ಳೆಯ ಸುಳಿವುಗಳು. ಎಸ್‌ವಿಟಿ ಎಂದು ಖಚಿತವಾದವರಿಗೆ ಮೂಗು ಬಾಯಿ ಮುಚ್ಚಿ ತಿಣುಕುವ ಒಂದು ವಿಧಾನವನ್ನು ವೈದ್ಯರು ಕಲಿಸಿಕೊಡುತ್ತಾರೆ. ಅದು ಬಡಿತವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಕೆರಳಿಸಿ ಎವಿ ನೋಡ್‌ನಲ್ಲಿ ಸುತ್ತನ್ನು ಕಡಿಯುತ್ತದೆ. ಪದೇ ಪದೇ ಬಂದರೆ ತೊಡೆಯ ರಕ್ತನಾಳದ ಮೂಲಕ ತಂತಿ ಹಾಯಿಸಿ ಆ ಹೆಚ್ಚುವರಿ ದಾರಿಯನ್ನೇ ಸುಟ್ಟುಹಾಕುವ ಅಬ್ಲೇಶನ್ ಚಿಕಿತ್ಸೆಯಿದೆ.

ಗಾಳಿಗೆ ಸಿಕ್ಕ ಕಾಗದದಂತೆ ತಾಳವೇ ಇಲ್ಲದೆ ಪಟಪಟ ಎನ್ನುವ ಬಡಿತವನ್ನು, ಅದರಲ್ಲೂ ವಯಸ್ಸಾದವರಲ್ಲಿ, ಹಗುರವಾಗಿ ಎಣಿಸಬಾರದು. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಸ್ಥಿತಿಯಲ್ಲಿ ಮೇಲ್ಕೋಣೆಗಳು ಕುಗ್ಗುವ ಬದಲು ಬರೀ ನಡುಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಎಷ್ಟೋ ಜನರಿಗೆ ಇದು ಅನುಭವಕ್ಕೇ ಬರುವುದಿಲ್ಲ. ಜೋರಾಗಿ ಗುದ್ದುವ ಎಕ್ಟೋಪಿಕ್ ಬಡಿತ ನಿರುಪದ್ರವಿಯಾಗಿರಬಹುದು, ಸದ್ದಿಲ್ಲದ ಫಿಬ್ರಿಲೇಶನ್ ಅಪಾಯಕಾರಿಯಾಗಿರಬಹುದು. ಅನುಭವದ ತೀವ್ರತೆಯಿಂದ ಅಪಾಯವನ್ನು ಅಳೆಯಲಾಗದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಚುಳಕ್, ಉರಿ, ಹಿಂಡುವಿಕೆ

ಎದೆಯಲ್ಲಿ ಹೃದಯವೊಂದೇ ಇಲ್ಲ. ಪಕ್ಕೆಲುಬು, ಮೃದ್ವಸ್ಥಿ, ಸ್ನಾಯು, ಅನ್ನನಾಳ, ಶ್ವಾಸಕೋಶದ ಪೊರೆ ಎಲ್ಲವೂ ಅಲ್ಲೇ ಇವೆ, ಒಳ ಅಂಗಗಳ ನೋವನ್ನು ಹೊರುವ ನರಗಳು ಬೆನ್ನುಹುರಿಯಲ್ಲಿ ಬಹುಪಾಲು ಒಂದೇ ದಾರಿ ಹಿಡಿಯುತ್ತವೆ. ಹಾಗಾಗಿ ನೋವು ಎಲ್ಲಿಂದ ಬಂತೆಂದು ಮಿದುಳಿಗೇ ಸರಿಯಾಗಿ ತಿಳಿಯುವುದಿಲ್ಲ.

ಉಸಿರೆಳೆದರೆ ಸೂಜಿ ಚುಚ್ಚಿದಂತೆ ಚುಳಕ್ಕೆಂದು, ಕೆಲವು ಸೆಕೆಂಡು ಅಥವಾ ನಿಮಿಷಗಳಲ್ಲಿ ಮಾಯವಾಗುವ ನೋವು ಹದಿಹರೆಯದವರಲ್ಲಿ ಮಾಮೂಲು, ಅದು ಎದೆಗೋಡೆಯದು. ಬೆರಳಿಟ್ಟು ಒತ್ತಿದ ಜಾಗದಲ್ಲೇ ನೋಯುವುದು ಪಕ್ಕೆಲುಬಿನ ಮೃದ್ವಸ್ಥಿಯ ಉರಿಯೂತವಿರಬಹುದು. ಊಟವಾದ ಮೇಲೆ, ಮಲಗಿದಾಗ ಹೆಚ್ಚುವ ಉರಿ ಅನ್ನನಾಳಕ್ಕೆ ಮೇಲೇರಿದ ಆಮ್ಲದ್ದಿರಬಹುದು. ಹೃದಯದ ನಾಳ ಕಿರಿದಾದಾಗಿನ ನೋವು ಸಾಮಾನ್ಯವಾಗಿ ಚುಚ್ಚುವುದಿಲ್ಲ, ಹಿಂಡುತ್ತದೆ, ಭಾರ ಹೇರಿದಂತಿರುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಬಂದು, ನಿಂತು ದಣಿವಾರಿಸಿಕೊಂಡರೆ ಇಳಿಯುತ್ತದೆ. ಆದರೆ ಮಧುಮೇಹಿಗಳು, ಮಹಿಳೆಯರು ಮತ್ತು ವೃದ್ಧರಲ್ಲಿ ಇದು ಬರೀ ಸುಸ್ತು, ವಾಕರಿಕೆ, ಉಬ್ಬಸ ಅಥವಾ ಹೊಟ್ಟೆಯ ಮೇಲ್ಭಾಗದ ಸಂಕಟವಾಗಿ ಬರಬಹುದು. ‘ಗ್ಯಾಸ್’ ಎಂಬ ಮನೆಮದ್ದಿನ ರೋಗನಿರ್ಣಯ ಅಪಾಯಕಾರಿಯಾಗುವುದು ಇಲ್ಲಿಯೇ.

ಇನ್ನೂ ಒಂದು ಸೂಕ್ಷ್ಮವಿದೆ. ಆಂಜಿಯೋಗ್ರಾಂ ದೊಡ್ಡ ನಾಳಗಳನ್ನಷ್ಟೇ ಚೆನ್ನಾಗಿ ತೋರಿಸುತ್ತದೆ. ಅದರಲ್ಲಿ ಕಾಣದಷ್ಟು ಸಣ್ಣ ನಾಳಗಳು ಸರಿಯಾಗಿ ಹಿಗ್ಗದಿದ್ದರೂ ನಡೆದಾಗ ಎದೆ ಹಿಂಡುವ ನೋವು ಬರಬಹುದು. ಇದು ಮಹಿಳೆಯರಲ್ಲಿ ಹೆಚ್ಚು. ಬ್ಲಾಕ್ ಇಲ್ಲ ಎಂದ ಮಾತ್ರಕ್ಕೆ ಅವರ ನೋವು ಬರೀ ಮನಸ್ಸಿನದಾಗುವುದಿಲ್ಲ.

ಹತ್ತು ಸೆಕೆಂಡಿನ ಚಿತ್ರ

ಹೃದಯದ ವಿದ್ಯುತ್ತನ್ನು ಬರೆಹಕ್ಕಿಳಿಸುವ ವಿಧಾನವನ್ನು ರೂಪಿಸಿದ್ದಕ್ಕೆ ನೆದರ್ಲೆಂಡ್ಸಿನ ವಿಲ್ಲೆಮ್ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಬಹುಮಾನ ಬಂತು. ಇಂದಿಗೂ ಎದೆಯ ದೂರಿಗೆ ಮೊದಲ ಪರೀಕ್ಷೆ ಇಸಿಜಿಯೇ. ಆದರೆ ಮಾಮೂಲಿ ಇಸಿಜಿ ದಾಖಲಿಸುವುದು ಸುಮಾರು 10 ಸೆಕೆಂಡುಗಳನ್ನು ಮಾತ್ರ. ದಿನದಲ್ಲಿ 86,400 ಸೆಕೆಂಡುಗಳಿವೆ. ಅಂದರೆ 8,640ರಲ್ಲಿ ಒಂದು ಪಾಲು. ಮನೆಯ ದೀಪ ರಾತ್ರಿ ಮಿಣಮಿಣ ಎನ್ನುತ್ತದೆಂದು ದೂರು ಕೊಟ್ಟು, ಲೈನ್‌ಮನ್ ಬೆಳಿಗ್ಗೆ ಬಂದು ನೋಡಿದಾಗ ದೀಪ ನೆಟ್ಟಗೆ ಉರಿಯುತ್ತಿದ್ದರೆ ಲೈನ್‌ಮನ್ನನೂ ಸುಳ್ಳು ಹೇಳಿರುವುದಿಲ್ಲ, ಮನೆಯವರೂ ಹೇಳಿರುವುದಿಲ್ಲ.

ಈ ಕೊರತೆ ನೀಗಿಸಲೆಂದೇ ಅಮೆರಿಕದ ನಾರ್ಮನ್ ಹೋಲ್ಟರ್ ಓಡಾಡುತ್ತಲೇ ಬಡಿತ ದಾಖಲಿಸುವ ಯಂತ್ರವನ್ನು ರೂಪಿಸಿದರು. 1940ರ ದಶಕದ ಅದರ ಮೊದಲ ರೂಪ ಬೆನ್ನಿಗೆ ಕಟ್ಟಿಕೊಳ್ಳುವ ಸುಮಾರು 38 ಕಿಲೋ ತೂಕದ ಮೂಟೆ. ಈಗಿನದು ಅಂಗೈಯಗಲದ ಡಬ್ಬಿ. ಅದನ್ನು 24 ಅಥವಾ 48 ಗಂಟೆ ಧರಿಸಿ, ಎದೆಯಲ್ಲಿ ಏನಾದರೂ ಅನಿಸಿದ ಹೊತ್ತನ್ನು ಬರೆದಿಡಬೇಕು. ಧಸಕ್ಕೆಂದ ಕ್ಷಣವೂ ಗೆರೆಯಲ್ಲಿನ ಬದಲಾವಣೆಯೂ ಹೊಂದಿದರೆ ಕಾರಣ ಸಿಕ್ಕಿದಂತೆ. ಎದೆ ಢವಢವ ಎಂದ ಹೊತ್ತಿನಲ್ಲಿ ಗೆರೆ ಸಹಜವಾಗಿಯೇ ಇದ್ದರೆ ಅದೂ ಬೆಲೆಯುಳ್ಳ ಉತ್ತರವೇ: ಆ ಕ್ಷಣದಲ್ಲಿ ತಾಳ ತಪ್ಪಿರಲಿಲ್ಲ. ತಿಂಗಳಿಗೊಮ್ಮೆ ಬರುವ ತೊಂದರೆಗೆ ವಾರಗಟ್ಟಲೆ ಇಟ್ಟುಕೊಳ್ಳುವ ದಾಖಲೆಯಂತ್ರಗಳಿವೆ. ವರ್ಷಕ್ಕೊಮ್ಮೆ ಎಚ್ಚರ ತಪ್ಪುವವರಿಗೆ ಚರ್ಮದಡಿ ಹುದುಗಿಸುವ ಲೂಪ್ ರೆಕಾರ್ಡರ್ ಇದೆ.

ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಅನ್ನು ಬೆರಳಿಗೆ ಸಿಕ್ಕಿಸಿ ಕೂರುವವರು ಒಂದು ಸಂಗತಿ ತಿಳಿದಿರಬೇಕು. ಎಕ್ಟೋಪಿಕ್ ಬಡಿತದ ನಾಡಿ ಬೆರಳ ತುದಿಗೆ ಮುಟ್ಟದಿದ್ದರೆ ಯಂತ್ರ ಅದನ್ನು ಎಣಿಸದೆ, ಬಡಿತ 45ಕ್ಕೆ ಇಳಿದಿದೆ ಎಂದು ಹೆದರಿಸಬಹುದು. ಇಸಿಜಿ ತೆಗೆಯುವ ಕೈಗಡಿಯಾರಗಳು ಏಟ್ರಿಯಲ್ ಫಿಬ್ರಿಲೇಶನ್ ಹಿಡಿಯಬಲ್ಲವು, ಹೃದಯಾಘಾತವನ್ನು ಹಿಡಿಯಲಾರವು. ಇವೆಲ್ಲಕ್ಕಿಂತ ಅಗ್ಗದ ಸಾಧನ ನಮ್ಮ ಕೈಬೆರಳು: ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದು, ಮತ್ತು ತಾಳ ಸಮವೋ ಅಡ್ಡಾದಿಡ್ಡಿಯೋ ಎಂದು ಗಮನಿಸುವುದು. ಆ ಲಯವನ್ನು ವೈದ್ಯರ ಮೇಜಿನ ಮೇಲೆ ತಟ್ಟಿ ತೋರಿಸಿದರೆ, ‘ಒಂಥರಾ ಆಗುತ್ತೆ ಸಾರ್’ ಎನ್ನುವ ಮಾತಿಗಿಂತ ಹತ್ತುಪಾಲು ಹೆಚ್ಚು ತಿಳಿಯುತ್ತದೆ.

ಕಾಫಿ, ರಕ್ತಹೀನತೆ, ಥೈರಾಯ್ಡ್

ಮೈಸೂರಿಗರು ಮೊದಲು ಕೇಳುವುದು ಕಾಫಿ ಬಿಡಬೇಕೇ ಎಂದು. 2023ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಅಧ್ಯಯನದಲ್ಲಿ 100 ಮಂದಿಗೆ ಕೆಲವು ದಿನ ಕಾಫಿ ಕೊಟ್ಟು, ಕೆಲವು ದಿನ ಬಿಡಿಸಿ ಬಡಿತ ದಾಖಲಿಸಲಾಯಿತು. ಮೇಲ್ಕೋಣೆಯ ಮುಂಚಿತ ಬಡಿತಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೆಳಕೋಣೆಯವು ದಿನಕ್ಕೆ ಸರಾಸರಿ 102ರಿಂದ 154ಕ್ಕೆ ಏರಿದವು. ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಯಿತು. ಹಾಗಾಗಿ ಎಲ್ಲರಿಗೂ ಒಂದೇ ಕಟ್ಟಳೆಯಿಲ್ಲ. ಎರಡು ವಾರ ಬಿಟ್ಟು ನೋಡಿ ವ್ಯತ್ಯಾಸ ಕಾಣದಿದ್ದರೆ ಬೆಳಗಿನ ಫಿಲ್ಟರ್ ಕಾಫಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು ಮತ್ತು ಮದ್ಯದ ವಿಷಯದಲ್ಲಿ ಈ ರಿಯಾಯಿತಿಯಿಲ್ಲ.

ಹೃದಯದಾಚೆಗಿನ ಕಾರಣಗಳಲ್ಲಿ ರಕ್ತಹೀನತೆ ನಮ್ಮಲ್ಲಿ ದೊಡ್ಡದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದಿದೆ. ರಕ್ತ ಹೊರುವ ಆಮ್ಲಜನಕ ಕಡಿಮೆಯಾದಾಗ ಹೃದಯ ಹೆಚ್ಚು ಸುತ್ತು ಹೊಡೆಯಲೇಬೇಕು. ಥೈರಾಯ್ಡ್ ಹೆಚ್ಚಿದ್ದರೆ, ಅಥವಾ ಥೈರಾಯ್ಡ್ ಮಾತ್ರೆಯ ಪ್ರಮಾಣ ಜಾಸ್ತಿಯಾದರೆ ಬಡಿತ ಏರುತ್ತದೆ. ಭೇದಿಯಲ್ಲಿ ಪೊಟ್ಯಾಸಿಯಂ ಇಳಿದಾಗ, ಉಬ್ಬಸದ ಸಾಲ್ಬುಟಮಾಲ್ ಸೇದಿದಾಗ, ಮೂಗು ಕಟ್ಟಿದ್ದಕ್ಕೆ ನೆಗಡಿ ಮಾತ್ರೆ ನುಂಗಿದಾಗ, ಗರ್ಭಿಣಿಯಾಗಿದ್ದಾಗ, ಮುಟ್ಟು ನಿಲ್ಲುವ ಕಾಲದಲ್ಲಿ ಕೂಡ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಬೆವರಿನ ಜೊತೆಗಿನ ಢವಢವ ಸಕ್ಕರೆ ಕುಸಿದ ಸೂಚನೆಯಿರಬಹುದು. ಹಿಮೋಗ್ಲೋಬಿನ್, ಥೈರಾಯ್ಡ್ ಅಳೆಯುವ ಟಿಎಸ್‌ಎಚ್, ಸಕ್ಕರೆ ಮತ್ತು ಲವಣಾಂಶಗಳ ರಕ್ತಪರೀಕ್ಷೆಯನ್ನು ವೈದ್ಯರು ಬರೆಯುವುದು ಇದಕ್ಕೇ.

ತಡಮಾಡಬಾರದ ಹೊತ್ತು

ಹಿಂಡುವ ಅಥವಾ ಒತ್ತುವ ನೋವು 15 ನಿಮಿಷ ಮೀರಿದರೆ, ಅದು ತೋಳು, ದವಡೆ, ಬೆನ್ನಿಗೆ ಹರಡಿದರೆ, ತಣ್ಣನೆ ಬೆವರು ಅಥವಾ ಉಸಿರಾಟದ ತೊಂದರೆ ಜೊತೆಗೂಡಿದರೆ, ಬಡಿತದೊಂದಿಗೆ ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಬೇಕು. ಬೈಕಿನ ಹಿಂದೆ ಕೂರಿಸಿಕೊಂಡು ಹೊರಡುವ ಸಾಹಸ ಬೇಡ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಮಳವಳ್ಳಿಯವರೋ ಹುಣಸೂರಿನವರೋ ಮೈಸೂರು ಮುಟ್ಟುವವರೆಗೆ ಕಾಯಬೇಕಾಗಿಲ್ಲ.

ಅಷ್ಟು ತುರ್ತಲ್ಲದಿದ್ದರೂ ಬೇಗ ತೋರಿಸಬೇಕಾದ ಸಂದರ್ಭಗಳಿವೆ. ಓಡುವಾಗ, ಆಡುವಾಗಲೇ ಬಡಿತ ಕೆಡುವುದು ಒಂದು. ಕುಟುಂಬದಲ್ಲಿ 40ರೊಳಗೆ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿರುವುದು ಇನ್ನೊಂದು. ಮೊದಲೇ ಹೃದ್ರೋಗವಿದ್ದವರಲ್ಲಿ ಹೊಸದಾಗಿ ಬಡಿತ ಏರುಪೇರಾದರೂ ಹಾಗೆಯೇ.

ಕಾರಣವೇ ಸಿಗದಿದ್ದಾಗ

1871ರಲ್ಲಿ ಅಮೆರಿಕದ ವೈದ್ಯ ಜೇಕಬ್ ಮೆಂಡಿಸ್ ಡ ಕೋಸ್ಟಾ ಅಂತರ್ಯುದ್ಧದ ಸೈನಿಕರಲ್ಲಿ ತಾವು ಕಂಡ ಒಂದು ಸ್ಥಿತಿಯ ಬಗ್ಗೆ ಬರೆದರು. ಎದೆಬಡಿತ, ಎದೆನೋವು, ಸುಸ್ತು ಎಲ್ಲವೂ ಇದ್ದವು; ಅವುಗಳಿಗೆ ತಕ್ಕ ಹೃದ್ರೋಗ ಮಾತ್ರ ಕಾಣಲಿಲ್ಲ. ಸುಳ್ಳು ಹೇಳುತ್ತಿದ್ದಾರೆಂದು ಅವರನ್ನು ತಳ್ಳಿಹಾಕದೆ, ಅದಕ್ಕೆ ‘ಕೆರಳುವ ಹೃದಯ’ ಎಂಬರ್ಥದ ಹೆಸರಿಟ್ಟರು. 1996ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್‌ನ ಅಧ್ಯಯನವೊಂದರಲ್ಲಿ, ಎದೆಬಡಿತದ ದೂರಿನೊಂದಿಗೆ ಬಂದ 190 ಮಂದಿಯ ಪೈಕಿ ಶೇಕಡಾ 43ರಷ್ಟು ಜನರಲ್ಲಿ ಹೃದಯದ ಕಾರಣವೂ, ಶೇಕಡಾ 31ರಷ್ಟು ಜನರಲ್ಲಿ ಆತಂಕದಂಥ ಮಾನಸಿಕ ಕಾರಣವೂ ಸಿಕ್ಕವು. ಶೇಕಡಾ 16ರಷ್ಟು ಮಂದಿಗೆ ಯಾವ ಕಾರಣವೂ ಸಿಗಲಿಲ್ಲ. ವಿವರಣೆಯಿಲ್ಲದ ಎದೆಬಡಿತ ವಿಚಿತ್ರವೇನೂ ಅಲ್ಲ.

ಇಲ್ಲಿ ಗಮನದ ಪಾತ್ರ ದೊಡ್ಡದು. ಒಂದು ಧಸಕ್ ಭಯ ಹುಟ್ಟಿಸುತ್ತದೆ. ಭಯಕ್ಕೆ ಅಡ್ರಿನಲಿನ್ ಸುರಿಯುತ್ತದೆ. ಅಡ್ರಿನಲಿನ್ ಬಡಿತದ ವೇಗವನ್ನೂ ಬಲವನ್ನೂ ಏರಿಸಿ ಇನ್ನೊಂದು ಎಕ್ಟೋಪಿಕ್ ಬಡಿತಕ್ಕೆ ದಾರಿ ಮಾಡುತ್ತದೆ. ಅದು ಮೊದಲ ಭಯವನ್ನು ಸರಿಯೆಂದು ಸಾಬೀತು ಮಾಡಿದಂತಾಗುತ್ತದೆ. ಹೀಗೆಂದ ಮಾತ್ರಕ್ಕೆ ಅನುಭವ ಕಲ್ಪನೆಯದಲ್ಲ. ಅಡ್ರಿನಲಿನ್ ನಿಜ, ಬಡಿತವೂ ನಿಜ. ದಿನಕ್ಕೆ ಹತ್ತು ಬಾರಿ ನಾಡಿ ನೋಡುವುದು, ತಿಂಗಳಿಗೊಂದು ಇಸಿಜಿ ಮಾಡಿಸುವುದು ಈ ಸುತ್ತಿಗೆ ಎಣ್ಣೆ ಹೊಯ್ಯುತ್ತವೆ. ತಪಾಸಣೆಯಲ್ಲಿ ಹೃದಯ ಸರಿಯಿದೆಯೆಂದು ತಿಳಿದವರಿಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ದಿನನಿತ್ಯದ ನಡಿಗೆ, ನಿಧಾನ ಉಸಿರಾಟ, ಸಾಕಷ್ಟು ನಿದ್ದೆ ನೆರವಾಗುತ್ತವೆ. ಆತಂಕವೇ ಮೇಲುಗೈಯಾದಾಗ ಆಪ್ತಸಮಾಲೋಚನೆಯಿಂದ ಪ್ರಯೋಜನವಿದೆ. ವೈದ್ಯರು ಕೆಲವರಿಗೆ ಬಡಿತದ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಕೊಡುವುದುಂಟು. ಪಕ್ಕದ ಮನೆಯವರ ಮಾತ್ರೆ ಇಸಿದುಕೊಂಡು ನುಂಗುವುದು ಉಬ್ಬಸವಿದ್ದವರಿಗಂತೂ ಅಪಾಯ.

ಪರೀಕ್ಷೆ ಮುಗಿದವರು ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳುವುದು ಒಳ್ಳೆಯದು. ತಾರೀಖು, ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಧಸಕ್ಕೋ ಢವಢವವೋ ಪಟಪಟವೋ ಎಂಬುದು, ಎಷ್ಟು ಹೊತ್ತು ಇತ್ತು, ಥಟ್ಟನೆ ನಿಂತಿತೋ ಮೆಲ್ಲಗೆ ಇಳಿಯಿತೋ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಇಷ್ಟು ಬರೆದರೆ ಸಾಕು. ಹಳೆಯ ಲಯವೇ ಮರುಕಳಿಸುತ್ತಿದ್ದರೆ ಹಳೆಯ ವರದಿಗೆ ಬೆಲೆಯಿದೆ. ಕೂತಾಗ ಬರುತ್ತಿದ್ದದ್ದು ನಡೆದಾಗ ಬರತೊಡಗಿದರೆ, ಕ್ಷಣದಲ್ಲಿ ಹೋಗುತ್ತಿದ್ದದ್ದು ಗಂಟೆಗಟ್ಟಲೆ ನಿಂತರೆ, ಕಣ್ಣು ಕತ್ತಲೆ ಜೊತೆಗೂಡಿದರೆ ಅದು ಹೊಸ ದೂರು. ‘ಹೋದ ವರ್ಷ ನಾರ್ಮಲ್ ಬಂದಿತ್ತು’ ಎಂದುಕೊಳ್ಳದೆ, ಆ ಪುಸ್ತಕ ಹಿಡಿದು ಮತ್ತೆ ವೈದ್ಯರ ಬಳಿಗೆ ಹೋಗಬೇಕು.